ಅಪ್ಪ ಹ್ಯಾಂಡ್‌ಬ್ರೇಕ್ ಎಳೆದಿದ್ದರು

ಈ ಸಲ ದಸರಾ ರಜೆಗೆ ಊರಿಗೆ ಹೋದಾಗ ನಮ್ಮನೆಯಲ್ಲಿ ಹಬ್ಬಕ್ಕಿಂತ ಜೋರಾಗಿ ನಡೆದದ್ದು ಜೀಪಿನ ಪಂಚಾಯ್ತಿ.

ಕೊಪ್ಪ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಜೀಪು ಅಂದರೆ ಶೋಕಿಯಲ್ಲ. ಮನೆಯಿಂದ ಡಾಂಬರು ರಸ್ತೆಗೆ 2 ಕಿಲೋಮೀಟರ್ ಮಣ್ಣಿನ ಏರು. ಮಳೆಗಾಲದಲ್ಲಿ ನನ್ನ ಕಾರು ಅದನ್ನು ಹತ್ತುವ ಮಾತೇ ಇಲ್ಲ. ಗೊಬ್ಬರ ತರಲು, ಅಡಿಕೆ ಮೂಟೆ ಸಾಗಿಸಲು, ನಡುರಾತ್ರಿ ಯಾರಿಗಾದರೂ ಎದೆನೋವು ಬಂದರೆ ಆಸ್ಪತ್ರೆಗೆ ಒಯ್ಯಲು ಅಪ್ಪನ ಹಳೇ ಫೋರ್ ವೀಲ್ ಜೀಪೇ ಗತಿ. ಅಪ್ಪನಿಗೀಗ 68. ಜೀಪಿಗೆ ನನಗಿಂತ ಒಂದು ವರ್ಷ ಜಾಸ್ತಿ.

ನಾನು ಹೋದ ಮರುದಿನ ಬೆಳಿಗ್ಗೆ ಅಪ್ಪ ಪೇಟೆಗೆ ಹೊರಟಿದ್ದರು. ದಣಪೆ ಸರಿಸೋಣ ಅಂತ ಏರಿನಲ್ಲೇ ಜೀಪು ನಿಲ್ಲಿಸಿ ಇಳಿದರು. ಬ್ಯಾಟರಿ ವೀಕು, ಹಾಗಾಗಿ ಎಂಜಿನ್ ಆರಿಸಿರಲಿಲ್ಲ, ಗೇರು ನ್ಯೂಟ್ರಲ್‌ನಲ್ಲಿತ್ತು. ಅವರು ದಣಪೆಗೆ ಕೈ ಹಾಕುವಷ್ಟರಲ್ಲಿ ಜೀಪು ಮೆಲ್ಲಗೆ ಹಿಂದಕ್ಕೆ ಉರುಳತೊಡಗಿತು. ಅಲ್ಲೇ ಕೆಳಗೆ ಅಕ್ಕನ ಮಗಳು ಪುಟ್ಟಿ ದಾಸವಾಳ ಕೊಯ್ಯುತ್ತಿದ್ದಳು. ಅಕ್ಕ ಕಿರುಚಿಕೊಂಡು ಓಡಿಹೋಗಿ ಎಳೆದುಕೊಂಡಳು. ಜೀಪು ಧರೆಗೆ ಗುದ್ದಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಕ್ಕನ ಕೈ ನಡುಗುವುದು ಮಧ್ಯಾಹ್ನದವರೆಗೂ ನಿಲ್ಲಲಿಲ್ಲ.

‘ಅಪ್ಪಂಗೆ ವಯಸ್ಸಾಯ್ತು. ಹ್ಯಾಂಡ್‌ಬ್ರೇಕ್ ಎಳೆಯೋದೂ ಮರೆತುಹೋಗುತ್ತೆ. ಇವತ್ತೇ ಈ ಜೀಪು ಮಾರಿ’ ಅಂದಳು.

‘ಎಳೆದಿದ್ದೆ’ ಅಂದರು ಅಪ್ಪ, ಅಷ್ಟೇ.

ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ನಿಜ ಹೇಳಬೇಕೆಂದರೆ ನಾನೂ ನಂಬಿರಲಿಲ್ಲ. ಹಿಂದಿನ ರಾತ್ರಿಯಷ್ಟೇ ಅವರು ಹಣೆ ಮೇಲೆ ಕನ್ನಡಕ ಇಟ್ಟುಕೊಂಡು ಮನೆಯೆಲ್ಲಾ ಹುಡುಕಿದ್ದನ್ನು ನೋಡಿದ್ದೆ.

ಸಂಜೆ ಜೀಪನ್ನು ಅಂಗಳಕ್ಕೆ ತರಲು ನಾನೇ ಹತ್ತಿ ಕೂತೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಬಲವಾಗಿ ಎಳೆದೆ. ಲಿವರ್ ಬಿಗಿಯಾಗಿ ನಿಂತಿತು. ‘ಭಾವ, ಸ್ವಲ್ಪ ತಳ್ಳಿ’ ಅಂದೆ. ಭಾವ ಒಂದೇ ಕೈಯಲ್ಲಿ ತಳ್ಳಿದರು. ಜೀಪು ಹೊರಟೇಬಿಟ್ಟಿತು!

ಟಾರ್ಚ್ ಹಿಡಿದು ಕೆಳಗೆ ತೂರಿದೆ. ನಮ್ಮ ಜೀಪಿನಲ್ಲಿ ಹ್ಯಾಂಡ್‌ಬ್ರೇಕ್ ಇರುವುದು ಗಾಲಿಯಲ್ಲಲ್ಲ. ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಿನ, ಹಿಂದಿನ ಗಾಲಿಗಳಿಗೆ ಹಂಚುವ ಕಬ್ಬಿಣದ ಪೆಟ್ಟಿಗೆ ಇರುತ್ತದಲ್ಲ, ಟ್ರಾನ್ಸ್‌ಫರ್ ಕೇಸ್, ಅದರ ಬೆನ್ನಿಗೆ ಒಂದು ಡ್ರಮ್ ಇದೆ. ಬ್ರೇಕ್ ಹಿಡಿಯುವುದು ಅಲ್ಲಿ. ಡ್ರಮ್ಮಿಗೂ ಪೆಟ್ಟಿಗೆಯೊಳಗಿನ ಎಣ್ಣೆಗೂ ನಡುವೆ ಬಳೆಯಂಥ ಒಂದು ಆಯಿಲ್ ಸೀಲ್. ಅದು ಸೋತರೆ ಎಣ್ಣೆ ನೇರ ಬ್ರೇಕಿಗೆ. ಎಣ್ಣೆ ಕೈಯಲ್ಲಿ ಉಪ್ಪಿನಕಾಯಿ ಭರಣಿಯ ಮುಚ್ಚಳ ತಿರುಗಿಸಿ ನೋಡಿ, ಆಗ ಗೊತ್ತಾಗುತ್ತೆ ಬ್ರೇಕಿನ ಪಾಡು. ನಮ್ಮ ಡ್ರಮ್ ಮಿರಮಿರ ಮಿಂಚುತ್ತಿತ್ತು.

ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಮಾಡುತ್ತಿರುವುದು ಸಾಫ್ಟ್‌ವೇರ್ ಕೆಲಸ. ಕಾಲೇಜಿನಲ್ಲಿ ಆಯಿಲ್ ಸೀಲಿನ ಚಿತ್ರ ಬರೆದು ಮಾರ್ಕ್ಸ್ ತಗೊಂಡಿದ್ದೇನೆ, ಕೈಯಲ್ಲಿ ಮುಟ್ಟಿರಲಿಲ್ಲ. ಆದರೆ ಕೋಡ್‌ನಲ್ಲಿ ತಪ್ಪು ಹುಡುಕಿ ಹುಡುಕಿ ಒಂದು ಬುದ್ಧಿ ಬಂದಿದೆ: ಕಂಡದ್ದನ್ನೇ ಕಾರಣ ಅಂದುಕೊಳ್ಳಬಾರದು.

ರಾತ್ರಿ ಜೀಪಿನಡಿ ಒಂದು ರಟ್ಟು ಹಾಸಿಟ್ಟೆ. ಬೆಳಿಗ್ಗೆ ರೊಟ್ಟಿಯಗಲ ಕಲೆ. ಎಂಜಿನ್ ಆಯಿಲ್ ಆದರೆ ಕಪ್ಪಗಿರುತ್ತೆ, ಬ್ರೇಕ್ ಆಯಿಲ್ ನೀರಿನ ಹಾಗೆ ತೆಳ್ಳಗೆ. ಇದು ಜೇನಿನಷ್ಟು ಮಂದ, ಮೂಸಿದರೆ ಗಂಧಕದ ಘಾಟು. ಅನುಮಾನವೇ ಇಲ್ಲ, 90 ನಂಬರಿನ ಗೇರ್ ಆಯಿಲ್. ಓಡುವಾಗ ಗಾಳಿಗೆ ಎಣ್ಣೆ ಹಿಂದಕ್ಕೆ ಹಾರಿ ತಳವೆಲ್ಲಾ ಮೆತ್ತಿಕೊಳ್ಳುವುದರಿಂದ ಒದ್ದೆ ಕಂಡಲ್ಲೇ ಸೋರಿಕೆ ಇದೆ ಅನ್ನಲಾಗದು. ಡೀಸೆಲ್ ಹಾಕಿ ಪೂರ್ತಿ ಉಜ್ಜಿ ಒರೆಸಿ, ಅಮ್ಮನ ಪೌಡರ್ ಡಬ್ಬಿ ತಂದು ಟ್ರಾನ್ಸ್‌ಫರ್ ಕೇಸಿಗೆಲ್ಲಾ ಉದುರಿಸಿ ಒಂದು ಸುತ್ತು ಹೋಗಿಬಂದೆ. ಬಿಳಿ ಪೌಡರಿನ ಮೇಲೆ ಎಣ್ಣೆಯ ಗೆರೆ ಸ್ಪಷ್ಟವಾಗಿ ಮೂಡಿತ್ತು, ಡ್ರಮ್ಮಿನ ಸಂದಿಯಿಂದಲೇ. ‘ಹಬ್ಬದ ದಿನ ನಾನು ಹಚ್ಚಿಕೊಳ್ಳೋಕಿಲ್ಲ, ಜೀಪಿಗೆ ಮೇಕಪ್ಪು’ ಅಂತ ಅಮ್ಮನ ಕೈಲಿ ಬೈಸಿಕೊಂಡದ್ದೂ ಆಯಿತು.

‘ಸೀಲು ಹೋಗಿದೆ ಅಪ್ಪ’ ಅಂದೆ.

‘ಗೊತ್ತು. ಹೋದ ಚಳಿಗಾಲದಲ್ಲಿ ಹೊಸದು ಹಾಕ್ಸಿದ್ದೆ. ಎರಡೇ ತಿಂಗಳಿಗೆ ಮತ್ತೆ ಸುರು. ಆವಾಗಾವಾಗ ಎಣ್ಣೆ ಹಾಕ್ಕಂಡು, ಗಾಲಿಗೆ ಕಲ್ಲು ಕೊಟ್ಕಂಡು ಸುಧಾರಿಸ್ತಿದ್ದೆ. ನಿನ್ನೆ ಎಂಥದೋ ಅವಸರ, ಕಲ್ಲು ಕೊಡಲಿಲ್ಲ.’

‘ನಂಗೆ ಒಂದು ಮಾತು ಹೇಳಬಾರದಿತ್ತಾ?’

‘ಹೇಳಿದ್ರೆ ಮಾರಿ ಅಂತಿದ್ರಿ.’

ನನ್ನ ಬಳಿ ಉತ್ತರ ಇರಲಿಲ್ಲ.

ಪೇಟೆಯ ಹಿರಿಯ ಮೆಕ್ಯಾನಿಕ್ ಒಬ್ಬರು ಮನೆಗೇ ಬಂದರು. ಮೊದಲು ನಾಲ್ಕೂ ಗಾಲಿಗೆ ಕಲ್ಲು ಕೊಡಿಸಿದರು. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದ ಮೇಲೆ ಹಿಂದಿನ ಗಾಲಿಗೆ ಹ್ಯಾಂಡ್‌ಬ್ರೇಕೂ ಇಲ್ಲ, ಗೇರೂ ಇಲ್ಲ. ‘ಎಣ್ಣೆ ಇಳಿಸೋಕೆ ಮುಂಚೆ ತುಂಬಿಸೋ ಬೋಲ್ಟ್ ಬಿಚ್ಚಬೇಕು. ಇಳಿಸಿದ ಮೇಲೆ ಅದು ಬಿಚ್ಚೋಕೆ ಬರಲಿಲ್ಲ ಅಂದ್ರೆ ಜೀಪು ಇಲ್ಲೇ’ ಅಂದರು. ಅನುಭವ ಅಂದರೆ ಇದು ಅಂದುಕೊಂಡೆ.

ಡ್ರಮ್ ಕಳಚಿದರು. ಒಳಗೆಲ್ಲಾ ಎಣ್ಣೆ. ಬ್ರೇಕ್ ಲೈನಿಂಗು ಎಣ್ಣೆ ಕುಡಿದು ಕಪ್ಪಾಗಿತ್ತು. ಒರೆಸಿದರೆ ಪ್ರಯೋಜನವಿಲ್ಲ, ಬದಲಿಸಲೇಬೇಕು. ಸೀಲ್ ತೆಗೆದು ನೋಡಿದರೆ ಆಶ್ಚರ್ಯ. ರಬ್ಬರ್ ಇನ್ನೂ ಮೆತ್ತಗಿತ್ತು, ಹರಿದಿರಲಿಲ್ಲ. ಸೀಲಿನ ತುಟಿ ಉಜ್ಜುವ ಜಾಗದಲ್ಲಿ ಕಬ್ಬಿಣ ಸವೆದು ಹಳ್ಳ ಬಿದ್ದಿದೆಯಾ ಅಂತ ಉಗುರು ಆಡಿಸಿದರು. ನುಣುಪಾಗಿತ್ತು. ಹಾಗಾದರೆ ಸೋರಿದ್ದು ಯಾಕೆ?

ಆಗ ನನಗೆ ನೆನಪಾಯಿತು. ತುಂಬಿಸುವ ಬೋಲ್ಟ್ ಸಡಿಲಿಸಿದಾಗ ‘ಉಸ್’ ಅಂತ ಗಾಳಿ ಬಂದಿತ್ತು. ಹಾಗೆ ಬರಬಾರದು. ಪೆಟ್ಟಿಗೆ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ. ಅದು ಹೊರಹೋಗಲು ಮೇಲುಗಡೆ ಬ್ರೀದರ್ ಅಂತ ಕಡಲೆಕಾಳಿನಷ್ಟು ಚಿಕ್ಕದೊಂದು ಉಸಿರುಗಂಡಿ ಇರುತ್ತದೆ. ಕುಕ್ಕರ್ ವಿಷಲ್ ಕಟ್ಟಿಕೊಂಡರೆ ಹೇಗೋ ಹಾಗೆ, ಅದು ಮುಚ್ಚಿದರೆ ಒತ್ತಡ ಬೇರೆ ದಾರಿ ಹುಡುಕುತ್ತದೆ. ಎಣ್ಣೆಯನ್ನು ಸೀಲಿನ ಸಂದಿಯಿಂದ ನೂಕುತ್ತದೆ. ಹೊಸ ಸೀಲ್ ಎಷ್ಟು ಹಾಕಿದರೂ ಅಷ್ಟೇ.

ಮೆಕ್ಯಾನಿಕ್ ಬೆರಳಲ್ಲಿ ತಡವಿ ಹುಡುಕಿದರು. ಬ್ರೀದರ್ ಮೇಲೆ ಗಟ್ಟಿ ಕಪ್ಪು ಬಣ್ಣ ದಪ್ಪಗೆ ಕೂತಿತ್ತು. ‘ತಳಕ್ಕೆ ಕೋಟಿಂಗ್ ಹೊಡ್ದೋರು ಇದನ್ನೂ ಬಿಟ್ಟಿಲ್ಲ ನೋಡಿ. ಯಾರು ಮಾಡ್ಸಿದ್ದು?’

ನಾನು.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ, ಜೀಪಿಗೆ ತುಕ್ಕು ಹಿಡಿಯದಿರಲಿ ಅಂತ ಅಪ್ಪನ ಹುಟ್ಟುಹಬ್ಬದ ನೆಪದಲ್ಲಿ ನಾನೇ ದುಡ್ಡು ಕೊಟ್ಟು ಮಾಡಿಸಿದ್ದೆ. ಜೀಪನ್ನು ಬಿಟ್ಟು, ಸಂಜೆ ಹೋಗಿ ತಂದಿದ್ದೆ. ಬಗ್ಗಿ ನೋಡಿರಲಿಲ್ಲ. ಆಫೀಸಿನಲ್ಲಿ ಏನಾದರೂ ಕೆಟ್ಟರೆ ನಾವು ಕೇಳುವ ಮೊದಲ ಪ್ರಶ್ನೆ, ‘ಇತ್ತೀಚೆಗೆ ಬದಲಿಸಿದ್ದೇನು, ಬದಲಿಸಿದ್ದು ಯಾರು?’ ಮನೆಯಲ್ಲಿ ಆ ಪ್ರಶ್ನೆ ಕೇಳುವ ಮೊದಲೇ ಅಪ್ಪನ ವಯಸ್ಸಿನ ಮೇಲೆ ತಪ್ಪು ಹೊರಿಸಿಬಿಟ್ಟಿದ್ದೆವು.

ಬ್ರೀದರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು ಊದಿ ನೋಡಿ ಕೂರಿಸಿದೆವು. ಎರಡೂ ಆ್ಯಕ್ಸಲ್‌ಗಳ ಬ್ರೀದರುಗಳಿಗೂ ಬಣ್ಣ ಮೆತ್ತಿತ್ತು, ಅವನ್ನೂ ಬಿಡಿಸಿದೆವು. ಹೊಸ ಸೀಲಿನ ತುಟಿಗೆ ಗ್ರೀಸ್ ಸವರಿ, ಪೈಪಿನ ತುಂಡು ಇಟ್ಟು ಸುತ್ತಲೂ ಸಮವಾಗಿ ತಟ್ಟಿ ಕೂರಿಸಿದರು. ಹೊಸ ಲೈನಿಂಗು ಹಾಕಿ, ಲೆವೆಲ್ ತೂತಿನಿಂದ ತೊಟ್ಟಿಕ್ಕುವವರೆಗೆ ಎಣ್ಣೆ ತುಂಬಿಸಿದೆವು.

ಆಮೇಲೆ ಅದೇ ಏರು, ಅದೇ ದಣಪೆ. ಕೆಳಗೆ ಯಾರೂ ಇಲ್ಲದಂತೆ ನೋಡಿಕೊಂಡು ಅಪ್ಪನೇ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದರು. ನಾನೂ ಭಾವನೂ ಇಬ್ಬರೂ ಸೇರಿ ಹಿಂದಕ್ಕೆ ಎಳೆದೆವು. ಜೀಪು ಜಪ್ಪಯ್ಯ ಅನ್ನಲಿಲ್ಲ.

‘ಅಪ್ಪ, ನೀವು ಎಳೆದಿದ್ರಿ’ ಅಂದೆ. ಕ್ಷಮೆ ಕೇಳಲು ನನಗೆ ಅದಕ್ಕಿಂತ ಚೆನ್ನಾಗಿ ಬರಲಿಲ್ಲ. ‘ಹೇಳಿದ್ನಲ್ಲ ಮಾರಾಯ’ ಅಂದು ಕೈ ಒರೆಸಿಕೊಂಡು ಒಳಗೆ ಹೋದರು. ಅಕ್ಕನೂ ಬಾಯಿಬಿಟ್ಟು ಏನೂ ಹೇಳಲಿಲ್ಲ. ಹೊರಡುವ ದಿನ ಮಾತ್ರ, ‘ಅಪ್ಪ, ಬಸ್‌ಸ್ಟ್ಯಾಂಡಿಗೆ ಬಿಡ್ತೀರಾ?’ ಅಂತ ಕೇಳಿ, ಪುಟ್ಟಿಯನ್ನು ತೊಡೆ ಮೇಲೆ ಕೂರಿಸಿಕೊಂಡು ಮುಂದಿನ ಸೀಟಿನಲ್ಲೇ ಕೂತಳು.

ದೀಪಾವಳಿಗೆ ಮತ್ತೆ ಹೋಗಿದ್ದೆ. ಜೀಪಿನಡಿಯ ರಟ್ಟು ಒಣಗಿತ್ತು. ನಿಮ್ಮ ಗಾಡಿಯ ತಳಕ್ಕೂ ಕೋಟಿಂಗ್ ಮಾಡಿಸುವವರಿದ್ದರೆ ಬ್ರೀದರುಗಳಿಗೆ ಟೇಪ್ ಸುತ್ತಲು ಹೇಳಿ. ಆಮೇಲೆ ಒಮ್ಮೆ ನೀವೇ ಬಗ್ಗಿ ನೋಡಿ. ಮತ್ತೆ, ಮನೆಯ ಹಿರಿಯರು ‘ನಾನು ಮಾಡಿದ್ದೆ’ ಅಂದರೆ ಒಮ್ಮೆ ನಂಬಿ ನೋಡಿ.

ಅಂದಹಾಗೆ, ಗಾಲಿಗೆ ಕೊಡುವ ಕಲ್ಲನ್ನು ಅಪ್ಪ ಎಸೆದಿಲ್ಲ. ಸೀಟಿನ ಕೆಳಗೆ ಹಾಗೇ ಇದೆ. ಬ್ಯಾಟರಿಯನ್ನು ಮಾತ್ರ ಹೊಸದು ಹಾಕಿಸಿದ್ದೇವೆ. ಈ ಸಲ ನಾನು ನಿಂತು ನೋಡಿದ್ದೇನೆ.