ಅಲೆಗೆ ಒಂದು ತೆಳು ಹಲಗೆ ಸಾಕು

ಅಲೆಯ ಮೇಲೆ ಸವಾರಿ ಮಾಡಲು ಎದ್ದು ನಿಲ್ಲಲೇಬೇಕೆಂದಿಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಲ್ಲಿ ಸುಮಾರು ನೂರು ವರ್ಷಗಳಿಂದ ಜನ ಮರದ ಹಲಗೆಯ ಮೇಲೆ ಬೋರಲಾಗಿ ಮಲಗಿ ದಡಕ್ಕೆ ಜಾರಿಬರುತ್ತಿದ್ದಾರೆ. ಅದೇ ಬೆಲ್ಲಿಬೋರ್ಡ್. ಪತ್ತೇದಾರಿ ಕಾದಂಬರಿಗಳ ಅಗಾಥಾ ಕ್ರಿಸ್ಟಿ 1922ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಅಲೆಸವಾರಿ ಕಲಿತದ್ದೂ ಇಂಥ ತೆಳು ಹಲಗೆಯ ಮೇಲೆಯೇ.

ಇದರ ವಿನ್ಯಾಸ ಎಷ್ಟು ಸರಳವೋ ಅಷ್ಟೇ ಜಾಣತನದ್ದು. ಸುಮಾರು 4 ಅಡಿ ಉದ್ದ, 1 ಅಡಿ ಅಗಲ. ದಪ್ಪ ಒಂದು ಸೆಂಟಿಮೀಟರಿಗೂ ಕಡಿಮೆ. ಇಷ್ಟು ತೆಳುವಾದ ಪ್ಲೈವುಡ್ ಮನುಷ್ಯನನ್ನು ತೇಲಿಸಲಾರದು. ಎತ್ತಿ ಹಿಡಿಯುವುದು ಅಲೆಯ ವೇಗ. ಸೊಂಟದಷ್ಟು ನೀರಿನಲ್ಲಿ ನಿಂತು, ಅಲೆ ಒಡೆಯುವ ಹೊತ್ತಿಗೆ ದಡದ ಕಡೆಗೆ ಚಿಮ್ಮಿದರೆ ಆಯಿತು.

ಕುಸುರಿಯೆಲ್ಲ ಮುಂತುದಿಯಲ್ಲಿದೆ. ಅದನ್ನು ಹಬೆಯಲ್ಲಿ ಮೆತ್ತಗಾಗಿಸಿ, ಅಚ್ಚಿಗೆ ಬಿಗಿದು, ಒಣಗುವವರೆಗೆ ಬಿಡುತ್ತಾರೆ. ಆ ಸಣ್ಣ ಬಾಗು ಇಲ್ಲದಿದ್ದರೆ ಹಲಗೆಯ ಮೂತಿ ನೀರಿಗೆ ಇರಿದು ಸವಾರ ಮಗುಚಿಬೀಳುತ್ತಾನೆ. ಆಮೇಲೆ ಅಂಚುಗಳನ್ನು ಉಜ್ಜಿ ದುಂಡಾಗಿಸಿ, ವಾರ್ನಿಶ್‌ ಅನ್ನು ಹಲವು ಸಲ ಬಳಿಯಬೇಕು. ಅಂಚಿಗೆ ವಾರ್ನಿಶ್ ಸರಿಯಾಗಿ ಕೂರದಿದ್ದರೆ ಉಪ್ಪುನೀರು ಒಳಹೊಕ್ಕು ಪ್ಲೈವುಡ್ಡಿನ ಪದರಗಳು ಬಿಟ್ಟುಕೊಳ್ಳುತ್ತವೆ.

ಇಂದು ಅಗ್ಗದ ಥರ್ಮಾಕೋಲ್ ಬೋರ್ಡುಗಳು ಕೆಲವೇ ದಿನಗಳಲ್ಲಿ ಮುರಿದು, ಕಾಳುಕಾಳಾಗಿ ಉದುರಿ ಕಡಲು ಸೇರುತ್ತಿವೆ. ಮರದ ಹಲಗೆಯನ್ನಾದರೆ ಉಜ್ಜಿ, ಮತ್ತೆ ವಾರ್ನಿಶ್ ಬಳಿದು ವರ್ಷಗಟ್ಟಲೆ ಬಳಸಬಹುದು. ಕಡಲಲ್ಲಿ ಆಡುವ ವಸ್ತು ಕಡಲಿಗೇ ಕಸವಾಗಬಾರದು. ಮಕ್ಕಳಿಗೆ ಅಲೆಯಾಟದ ಹಲಗೆ ಕೊಡಿಸುವವರು ಮರದ್ದನ್ನೇ ಕೊಡಿಸಿ.