ಏಳು ಗಂಟೆಯ ಮಂಗಳೂರು ರೈಲು

ಯಶವಂತಪುರ ನಿಲ್ದಾಣದಲ್ಲಿ ಬೆಳಗ್ಗೆ ಮಂಗಳೂರಿಗೆ ಹೊರಟವರನ್ನು ಗುರುತು ಹಿಡಿಯಲು ಬೋರ್ಡು ನೋಡಬೇಕಿಲ್ಲ, ಅವರ ಚೀಲ ನೋಡಿದರೆ ಸಾಕು. ಹುಬ್ಬಳ್ಳಿ ಕಡೆಗೆ ಹೋಗುವವರ ಲಗೇಜು ಬಿರಿಯುವಷ್ಟು ತುಂಬಿರುತ್ತದೆ. ಕರಾವಳಿಯವರದ್ದು ಅರ್ಧ ಖಾಲಿ. ಬರುವಾಗ ಕುಚ್ಚಲಕ್ಕಿ, ತೆಂಗಿನೆಣ್ಣೆ, ಹಲಸಿನ ಹಪ್ಪಳ, ಪುನರ್ಪುಳಿ ಸಿಪ್ಪೆ, ಅಮ್ಮ ಹಾಕಿಟ್ಟ ಮಿಡಿ ಉಪ್ಪಿನಕಾಯಿ ಎಲ್ಲಕ್ಕೂ ಜಾಗ ಬೇಕಲ್ಲ! ಸ್ಯಾಂಡಲ್ ಸೋಪ್ ಕಾರ್ಖಾನೆ ಕೂಗಳತೆಯಲ್ಲೇ ಇದ್ದರೂ ಪ್ಲಾಟ್‌ಫಾರ್ಮಿನಲ್ಲಿ ಮೂಗಿಗೆ ಬಡಿಯುವುದು ಫಿನಾಯಿಲ್ಲೇ. ಆ ಫಿನಾಯಿಲ್ ನಡುವೆಯೇ ತುಳು ಕೇಳಿಸತೊಡಗುತ್ತದೆ. ನನ್ನ ಮಟ್ಟಿಗೆ ಕರಾವಳಿ ಶುರುವಾಗುವುದು ಅಲ್ಲಿಂದ.

ನಾನು ಅವರ ಬಾಯಲ್ಲಿ ‘ಘಟ್ಟದವ’. ಆರ್.ಟಿ. ನಗರದಲ್ಲಿ ಮನೆ, ಮಂಗಳೂರಿನಲ್ಲಿ ಹೇಳಿಕೊಳ್ಳಲು ಒಬ್ಬ ನೆಂಟನೂ ಇಲ್ಲ. ಆದರೂ ವರ್ಷಕ್ಕೊಮ್ಮೆಯಾದರೂ, ಮಳೆ ಬಿದ್ದ ಮೇಲೆ, ಮೇಖ್ರಿ ಸರ್ಕಲ್ ಇಳಿದು ಟಾಟಾ ಇನ್‌ಸ್ಟಿಟ್ಯೂಟಿನ ಮರಗಳ ಕೆಳಗೆ ಆಟೋದಲ್ಲಿ ಹಾದು ಈ ಹಗಲು ರೈಲು ಹಿಡಿಯುತ್ತೇನೆ. ವಾರಕ್ಕೆ ಮೂರೇ ದಿನ ಓಡುವ ಇದಕ್ಕೆ ಗೊಮ್ಮಟೇಶ್ವರ ಎಕ್ಸ್‌ಪ್ರೆಸ್ ಎಂದು ಹೆಸರು. ಗೊಮ್ಮಟನಿಗೂ ಎಕ್ಸ್‌ಪ್ರೆಸ್‌ಗೂ ಏನು ಸಂಬಂಧವೋ. ನಿಂತಲ್ಲೇ ಸಾವಿರ ವರ್ಷ ದಾಟಿಸಿದವನು ಆತ. ಶ್ರವಣಬೆಳಗೊಳದ ಮೇಲೆ ಹಾದುಹೋಗುತ್ತದೆ ಎಂಬುದಕ್ಕೆ ಇಟ್ಟಿದ್ದಾರೆ. ವೇಗ ನೋಡಿದರೆ ಹೆಸರು ತಪ್ಪೇನಿಲ್ಲ.

“ಬಸ್ಸಿಗೆ ಹೋಗುದಲ್ವಾ ಮಾರಾಯ್ರೆ? ಇದರಲ್ಲಿ ಸಂಜೆ ಆಗ್ತದೆ” ಎಂದು ಎದುರು ಸೀಟಿನ ಹಿರಿಯರೊಬ್ಬರು ಕನಿಕರದಿಂದ ಹೇಳಿದ್ದರು. ತಾವೇಕೆ ಇದರಲ್ಲಿ ಕೂತಿದ್ದೀರಿ ಎಂದು ಕೇಳಿದ್ದಕ್ಕೆ, “ನಮಗೆ ಬಸ್ಸು ಆಗುದಿಲ್ಲ, ಶಿರಾಡಿಯಲ್ಲಿ ಹೊಟ್ಟೆ ತೊಳಸ್ತದೆ” ಎಂದರು. ನನಗೆ ಬಸ್ಸಿನ ಮೇಲಿರುವ ತಕರಾರು ಬೇರೆ. ರಾತ್ರಿ ಮೆಜೆಸ್ಟಿಕ್ಕಿನಲ್ಲಿ ಹೊದ್ದು ಮಲಗಿದವನು ಬೆಳಗ್ಗೆ ಬೆವರುತ್ತಾ ಏಳುತ್ತಾನೆ. ನಡುವೆ ಮೂರು ಸಾವಿರ ಅಡಿ ಇಳಿದದ್ದು ಅವನಿಗೆ ಗೊತ್ತೇ ಆಗುವುದಿಲ್ಲ. ಹಗಲು ರೈಲು ಒಂದೊಂದು ಅಡಿಯನ್ನೂ ಲೆಕ್ಕ ಒಪ್ಪಿಸಿಯೇ ಇಳಿಸುತ್ತದೆ.

ಚಿಕ್ಕಬಾಣಾವರ ಬಂದಾಗ ನಾನು ಅಭ್ಯಾಸಬಲದಿಂದ ಹೆಸರಘಟ್ಟದ ದಿಕ್ಕಿಗೆ ನೋಡುತ್ತೇನೆ. ಕೆರೆ ಅಲ್ಲಿಂದ ಕಾಣುವುದಿಲ್ಲ. 1890ರ ದಶಕದಲ್ಲಿ ಅರ್ಕಾವತಿಯ ನೀರನ್ನು ಹೆಸರಘಟ್ಟದಲ್ಲಿ ಹಿಡಿದು, ಸೋಲದೇವನಹಳ್ಳಿಯಲ್ಲಿ ಪಂಪು ಮಾಡಿ ಬೆಂಗಳೂರಿಗೆ ಕುಡಿಸಿದರು. ಈಗ ನಮ್ಮ ಕಡೆಯ ನೀರಿನ ವ್ಯವಹಾರವೇ ತಿರುಗುಮುರುಗು. ಕಾವೇರಿ ತೆಂಕಣದಿಂದ ಏರಿ ಬರುತ್ತಾಳೆ. ನಾವು ಬಳಸಿ ಬಿಟ್ಟ ಹೆಬ್ಬಾಳ–ನಾಗವಾರ ಕಣಿವೆಯ ನೀರನ್ನು ಶುದ್ಧೀಕರಿಸಿ ಚಿಕ್ಕಬಳ್ಳಾಪುರದ ಕೆರೆಗಳಿಗೆ ಪಂಪು ಮಾಡುತ್ತಾರೆ. ಯಲಹಂಕದ ಹೊಸ ಬಡಾವಣೆಗಳಲ್ಲಂತೂ ಏಪ್ರಿಲ್ ಬಂದರೆ ಟ್ಯಾಂಕರಿನವನ ಫೋನ್ ನಂಬರು ಡಾಕ್ಟರರದ್ದಕ್ಕಿಂತ ಮೊದಲು ನೆನಪಾಗುತ್ತದೆ.

ನೆಲಮಂಗಲ, ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ. ಈ ದಾರಿಯುದ್ದಕ್ಕೂ ಪ್ರಯಾಣಿಕರ ರೈಲು ಓಡತೊಡಗಿದ್ದು 2017ರಲ್ಲಿ. ರಾಗಿ ಹೊಲ, ತೆಂಗು, ಮತ್ತೆ ರಾಗಿ ಹೊಲ. ಹಾಸನದವರೆಗೆ ನಿದ್ದೆ ಮಾಡಿದರೆ ನಷ್ಟವಿಲ್ಲ. ಹಾಸನದವರು ಕ್ಷಮಿಸಲಿ.

ಸಕಲೇಶಪುರದಲ್ಲಿ ಮಾತ್ರ ಎಚ್ಚರವಾಗಲೇಬೇಕು. ಅಷ್ಟು ಹೊತ್ತು ಓಡಿದರೂ ಈ ರೈಲು ಇಳಿದದ್ದು ಅಷ್ಟಕ್ಕಷ್ಟೆ. ಸಕಲೇಶಪುರವೂ ಹೆಚ್ಚೂಕಡಿಮೆ ಬೆಂಗಳೂರಿನ ಎತ್ತರದಲ್ಲೇ ಇದೆ. ಇಳಿಯಬೇಕಾದದ್ದನ್ನೆಲ್ಲ ಮುಂದಿನ 55 ಕಿಲೋಮೀಟರಿನಲ್ಲಿ ಇಳಿದು ಮುಗಿಸಬೇಕು. 57 ಸುರಂಗ, ನೂರಕ್ಕೂ ಮಿಕ್ಕಿದ ಸೇತುವೆ, ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಇಳಿಯುವ ಹಳಿ. ಏರುವ ಗಾಡಿಗೆ ನೂಕಲು ಎಂಜಿನ್ ಬೇಕು, ಇಳಿಯುವ ಗಾಡಿಗೆ ತಡೆಯಲು. ಬ್ರೇಕು ಪರೀಕ್ಷೆಯಾಗುವಾಗ ಜನ ಕೆಳಗಿಳಿದು ಚಹಾ ಕುಡಿಯುತ್ತಾರೆ. ಘಟ್ಟದ ಕೆಳಗಿನವರು ಅಲ್ಲೇ ಸ್ವೆಟರ್ ಬಿಚ್ಚಿ ಮಡಚಿಟ್ಟುಕೊಳ್ಳುವುದನ್ನೂ ನೋಡಿದ್ದೇನೆ.

ದೋಣಿಗಲ್, ಕಡಗರವಳ್ಳಿ, ಯಡಕುಮೇರಿ, ಸಿರಿಬಾಗಿಲು. ಹೆಸರು ಕೇಳಿದರೇ ಹೋಗಬೇಕೆನಿಸುವ ನಿಲ್ದಾಣಗಳು. ಗಾಡಿ ಆಮೆಯ ನಡಿಗೆಗೆ ಇಳಿಯುತ್ತದೆ. ಮೊದಲ ಸುರಂಗಕ್ಕೆ ಹೊಕ್ಕಾಗ ಮಕ್ಕಳು ‘ಹೋ’ ಎಂದು ಕೂಗುತ್ತಾರೆ, ಹತ್ತನೆಯದಕ್ಕೆ ಕಾಲೇಜು ಹುಡುಗರು, ಮೂವತ್ತನೆಯ ಹೊತ್ತಿಗೆ ಎಲ್ಲರ ಗಂಟಲೂ ಕಟ್ಟಿ ಡಬ್ಬಿ ಗಪ್‌ಚಿಪ್ಪಾಗುತ್ತದೆ. ಆಗ ಸುರಂಗದೊಳಗೆ ನೀರು ತೊಟ್ಟಿಕ್ಕುವುದು ಕೇಳುತ್ತದೆ. ಗೋಡೆಯಲ್ಲಿ ಅಲ್ಲಲ್ಲಿ ಆಳೊಬ್ಬ ನಿಲ್ಲುವಷ್ಟು ಗೂಡು ಕೊರೆದಿದ್ದಾರೆ. ಗಾಡಿ ಹಾಯುವಾಗ ಗ್ಯಾಂಗ್‌ಮನ್ ಅದರೊಳಗೆ ಬೆನ್ನು ಹಚ್ಚಿ ನಿಂತಿರುತ್ತಾನೆ. ಒಮ್ಮೆ ಕಿಟಕಿಯಿಂದ ಒಂದು ಮೊಳ ದೂರದಲ್ಲಿ ಅಂಥವನೊಬ್ಬನ ಮುಖ ಹಾದುಹೋಯಿತು. ತಲೆಗೆ ಪ್ಲಾಸ್ಟಿಕ್ ಕೊಪ್ಪೆ, ಕೈಯಲ್ಲಿ ಸುತ್ತಿ ಹಿಡಿದ ಹಸಿರು ಬಾವುಟ, ಬಾಯಲ್ಲಿ ಎಲೆಅಡಿಕೆ. ನಮ್ಮ ವಿಸ್ಟಾಡೋಮ್ ಡಬ್ಬಿಯವರು ಅವನ ಫೋಟೋ ತೆಗೆಯುವಷ್ಟರಲ್ಲಿ ಕತ್ತಲು ನುಂಗಿತು.

ವಿಸ್ಟಾಡೋಮ್ ಬಂದದ್ದು 2021ರ ಜುಲೈಯಲ್ಲಿ. ಗಾಜಿನ ಸೂರು, 44 ಸೀಟು, ಬೇಕಾದತ್ತ ತಿರುಗುವ ಕುರ್ಚಿ. ಚೆನ್ನಾಗಿಯೇ ಇದೆ, ಅಲ್ಲವೆನ್ನಲಾರೆ. ಆದರೆ ಗಾಜಿನೊಳಗೆ ಕೂತರೆ ಮಳೆಯ ವಾಸನೆ ಬರುವುದಿಲ್ಲ. ಸಾದಾ ಡಬ್ಬಿಯ ಕಿಟಕಿಯಲ್ಲಿ ಎರಚಲು ಹೊಡೆದು ತೋಳು ತೊಯ್ದರೂ ಅದೇ ವಾಸಿ ಎನ್ನುವ ಪಂಗಡ ನನ್ನದು.

ಈ ಹಳಿಯ ಕಥೆ ಸಲೀಸಿನದ್ದಲ್ಲ. ಮಂಗಳೂರಿಗೆ ಮದರಾಸಿನಿಂದ ರೈಲು ಬಂದದ್ದು 1907ರಲ್ಲಿ. ಬೆಂಗಳೂರಿನ ಕಡೆಯಿಂದ ಹಾಸನದ ಮೂಲಕ ಬಂದದ್ದು 1979ರಲ್ಲಿ, ಅದೂ ಮೀಟರ್ ಗೇಜ್. 1996ರಲ್ಲಿ ಬ್ರಾಡ್‌ಗೇಜ್ ಮಾಡುತ್ತೇವೆಂದು ನಿಲ್ಲಿಸಿದವರು ಪ್ರಯಾಣಿಕರನ್ನು ಮತ್ತೆ ಹತ್ತಿಸಿಕೊಂಡದ್ದು 2007ರ ಡಿಸೆಂಬರಿನಲ್ಲಿ. 2024ರ ಜುಲೈಯಲ್ಲಿ ಯಡಕುಮೇರಿ–ಕಡಗರವಳ್ಳಿ ನಡುವೆ ಗುಡ್ಡ ಕುಸಿದು ಮತ್ತೆ ಬಂದ್. ಮರುವರ್ಷ ವಿದ್ಯುತ್ ತಂತಿ ಎಳೆಯಲು ಹಗಲು ಗಾಡಿಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿದರು. ರಾಜಧಾನಿಗೂ ಬಂದರಿಗೂ ನಡುವಿನ ಗುಡ್ಡ, ತಾನು ಒಪ್ಪಿದ್ದೇನೆ ಎಂದು ಇವತ್ತಿಗೂ ಬರೆದುಕೊಟ್ಟಿಲ್ಲ.

ಕಣಿವೆಯ ಆಚೆ ಬದಿ ಶಿರಾಡಿ ರಸ್ತೆಯ ಲಾರಿಗಳು ಬೆಂಕಿಪೊಟ್ಟಣದಷ್ಟೇ ಕಾಣುತ್ತವೆ. ನಡುವೆ ಕೆಂಪುಹೊಳೆ. ಸೇತುವೆ ದಾಟಿದಾಗಲೆಲ್ಲ ಕೆಳಗೊಂದು ತೊರೆ, ಎಲ್ಲವೂ ಅವಸರವಸರವಾಗಿ ಕುಮಾರಧಾರೆಯತ್ತ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯತ್ತ. ಆ ತೊರೆಗಳ ಪೈಕಿ ಎತ್ತಿನಹೊಳೆಯದ್ದು ಬೇರೆಯೇ ಯೋಗ. ಅದನ್ನು ಸಕಲೇಶಪುರದ ಬಳಿಯೇ ತಡೆದು ಮೇಲೆತ್ತಿ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಕಡೆ ಹರಿಸುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. 24 ಟಿಎಂಸಿಯ ಲೆಕ್ಕ. ನಾನು ಇಳಿಯುತ್ತಿರುವ ಗುಡ್ಡವನ್ನೇ ಆ ನೀರು ಹತ್ತಬೇಕು. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಆದರೆ ಈ ತೊರೆಗಳನ್ನು ಇಷ್ಟು ಹತ್ತಿರದಿಂದ ನೋಡಿದ ಮೇಲೆ, ಅಷ್ಟು ನೀರು ಇಲ್ಲಿ ವರ್ಷವಿಡೀ ಸಿಗುತ್ತದೆಂದು ನಂಬಲು ನನಗೆ ಧೈರ್ಯ ಸಾಲದು. ಮಳೆಗಾಲದ ಅಬ್ಬರ ನೋಡಿ ಸಾಲ ಕೊಡುವವನು ಜಾಣ ಸಾಹುಕಾರನಲ್ಲ.

ನೆಟ್ಟಣದಲ್ಲಿ, ಅಂದರೆ ಸುಬ್ರಹ್ಮಣ್ಯ ರೋಡಿನಲ್ಲಿ, ಸೆಕೆ ಹತ್ತಿಕೊಳ್ಳುತ್ತದೆ. ಅಂಗಿಯ ಕಾಲರು ಕುತ್ತಿಗೆಗೆ ಅಂಟಿತೆಂದರೆ ಘಟ್ಟ ಮುಗಿಯಿತು. ಕಬಕ ಪುತ್ತೂರು, ಬಂಟ್ವಾಳ ದಾಟುವಾಗ ಅಡಿಕೆ ತೋಟಗಳ ನಡುವೆ ಹೆಂಚಿನ ಮಾಡುಗಳು ತಲೆಯೆತ್ತುತ್ತವೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು ನೇತ್ರಾವತಿ ದಂಡೆಯ ಜೇಡಿಯನ್ನು ನೆಚ್ಚಿ. ಮಲ್ಲೇಶ್ವರದಲ್ಲಿ ಉಳಿದಿರುವ ಹಳೆ ಮನೆಗಳ ಮೇಲೂ ಮಂಗಳೂರು ಹೆಂಚೇ. ಈ ಊರು ನಮಗೆ ತನ್ನ ಮಣ್ಣನ್ನು ಎಂದೋ ಕೊಟ್ಟಾಗಿದೆ.

ಯಾಕೆ ಈ ಊರು ಎಂದು ಮನೆಯಲ್ಲಿ ಕೇಳುತ್ತಾರೆ. ಮುಖ್ಯವಾಗಿ, ಇಲ್ಲಿ ಸಮತಟ್ಟಾದ ರಸ್ತೆಯೇ ಇಲ್ಲ. ಲೈಟ್‌ಹೌಸ್ ಹಿಲ್‌ನಿಂದ ಯಾವ ಕಡೆ ಕಾಲು ಹಾಕಿದರೂ ಇಳಿಜಾರು. ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಗುರುಪುರ ನದಿ ದಾಟಿದರೆ ತಣ್ಣೀರುಬಾವಿಯ ಮರಳು. ನಡುಮಧ್ಯಾಹ್ನ ಅಂಗಡಿಯವನು ಊಟಕ್ಕೆಂದು ಬಾಗಿಲು ಹಾಕಿಕೊಂಡು ಹೋದರೆ ಗಿರಾಕಿ ಬೈಯುವುದಿಲ್ಲ, ಜಗಲಿಯಲ್ಲಿ ಕೂತು ಕಾಯುತ್ತಾನೆ. ಬಿಸಿ ಗೋಳಿಬಜೆಯ ವಿಷಯಕ್ಕೆ ನಾನು ಕೈ ಹಾಕುವುದಿಲ್ಲ. ಅದಕ್ಕೆ ಬೇರೆಯೇ ಪ್ರಬಂಧ ಬೇಕು.

ಘಟ್ಟದಿಂದ ಬಂದ ಈ ಗಾಡಿ ನಿಲ್ಲುವುದು ಜಂಕ್ಷನ್ನಿನಲ್ಲಿ, ಪೇಟೆಯ ಹೊರಗೆ. 1907ರ ಹಳೆಯ ಸೆಂಟ್ರಲ್ ಪೇಟೆಯ ಮಡಿಲಲ್ಲೇ ಇದೆ. ಘಟ್ಟದವರಿಗೆ ಆಟೋವೇ ಗತಿ.

“ಮೀಟರ್ ಹಾಕ್ತೀರಾ?” ಎಂದೆ, ಬೆಂಗಳೂರಿನ ಚಾಳಿ.

“ಹಾಕದೆ ಎಂತ ಮಾಡುದು?” ಎಂದ ಚಾಲಕ, ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿ. “ಬೆಂಗಳೂರಾ? ನೀರುಂಟಾ ಈಗ?”

“ಟ್ಯಾಂಕರ್ ಉಂಟು.”

“ನಮಗೂ ಮೇ ತಿಂಗಳಲ್ಲಿ ದಿನ ಬಿಟ್ಟು ದಿನ ಬಿಟ್ಟದ್ದುಂಟು, ತುಂಬೆ ಡ್ಯಾಮ್ ಬತ್ತಿದರೆ ಅಷ್ಟೇ. ಅದಿರಲಿ, ನಮ್ಮ ಹೊಳೆ ನೀರು ನಿಮಗೆ ಬಂತಾ?”

“ಅದು ನಮಗಲ್ಲ, ಕೋಲಾರದವರಿಗೆ.”

“ಕೋಲಾರಕ್ಕೆ ಬಂತಾ?”

“ಇನ್ನೂ ಇಲ್ಲ.”

“ಹಾಗಾದ್ರೆ ಎಲ್ಲಿ ಹೋಯ್ತು ಮಾರಾಯ್ರೆ?” ಎಂದು ನಕ್ಕು, ಹಂಪನಕಟ್ಟೆಯ ಏರಿಗೆ ಗೇರು ಬದಲಿಸಿದ.