ಹೂವಿಗೆ ಕುದಿ ಬೇಡ

ನಮ್ಮದು ಕಷಾಯದ ಕೈ. ಕೊತ್ತಂಬರಿ, ಜೀರಿಗೆ, ಮೆಂತ್ಯ, ಕಾಳುಮೆಣಸು ಹುರಿದು ಪುಡಿ ಮಾಡಿ, ಬೆಲ್ಲ ಹಾಕಿ ಕುದಿಸಿ, ಹಾಲು ಬೆರೆಸಿ ಕುಡಿದು ಬೆಳೆದವರು ನಾವು. ಬೀಜ, ಬೇರು, ತೊಗಟೆಗಳ ಸತ್ವ ನೀರಿಗೆ ಇಳಿಯಬೇಕಾದರೆ ಕುದಿಯಲೇಬೇಕು. ಆದರೆ ಅದೇ ಅಭ್ಯಾಸದಲ್ಲಿ ಹೂವಿನ ಚಹಾಕ್ಕೆ ಕೈಹಾಕಿದರೆ ಕೆಲಸ ಕೆಡುತ್ತದೆ. ಎಸಳು ತೀರ ತೆಳ್ಳಗಿನದು. ಬಿಸಿನೀರು ಸೋಕಿದರೆ ಸಾಕು, ತನ್ನಲ್ಲಿರುವುದನ್ನೆಲ್ಲ ಬಿಟ್ಟುಕೊಡುತ್ತದೆ. ಒಲೆಯ ಮೇಲಿಟ್ಟು ಕುದಿಸಿದರೆ ಪರಿಮಳ ಹಬೆಯ ಜೊತೆ ಹೊರಟುಹೋಗುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೆಂಪು ದಾಸವಾಳದ ಚಹಾ. ಅದೂ ಐದೆಸಳಿನ ನಾಟಿ ದಾಸವಾಳ. ಬೆಳಿಗ್ಗೆ ಅರಳಿ ಸಂಜೆಗೆ ಮುದುಡುವ ಹೂವಾದ್ದರಿಂದ ಇಬ್ಬನಿ ಆರುತ್ತಿದ್ದಂತೆ ಕೊಯ್ದುಬಿಡಬೇಕು. ಪೂಜೆಗೆಂದು ಕೊಯ್ಯುವಾಗಲೇ ಮೂರು ನಾಲ್ಕು ಹೂ ಬೇರೆ ಎತ್ತಿಟ್ಟುಕೊಂಡರೆ ಒಂದು ಲೋಟಕ್ಕೆ ಸಾಕು. ತೊಟ್ಟು, ಬುಡದ ಹಸಿರು ಬಟ್ಟಲು, ನಡುವಿನ ಕೇಸರದ ದಂಡು ತೆಗೆದು ಎಸಳಷ್ಟನ್ನೇ ಬಿಡಿಸಿಕೊಳ್ಳಿ. ಮಕರಂದಕ್ಕೆ ಬಂದ ಇರುವೆ ಅಲ್ಲೆಲ್ಲೋ ಅಡಗಿರುತ್ತದೆ, ತಣ್ಣೀರಿನಲ್ಲಿ ಒಮ್ಮೆ ಜಾಲಿಸಿದರೆ ಒಳ್ಳೆಯದು.

ನೀರು ಕುದಿ ಬಂದ ಮೇಲೆ ಒಲೆ ಆರಿಸಿ, ಎಸಳಿನ ಮೇಲೆ ಸುರಿದು ಮುಚ್ಚಿಡಿ. ಐದು ನಿಮಿಷ ಸಾಕು. ಹೆಚ್ಚು ಹೊತ್ತು ಬಿಟ್ಟರೆ ಲೋಳೆ ಬಿಡುತ್ತದೆ. ದಾಸವಾಳದ ಎಲೆ ಅರೆದು ತಲೆಗೆ ಹಚ್ಚಿಕೊಂಡವರಿಗೆ ಆ ಲೋಳೆಯ ಪರಿಚಯ ಚೆನ್ನಾಗಿಯೇ ಇರುತ್ತದೆ. ಆಮೇಲೆ ಗಾಜಿನ ಲೋಟಕ್ಕೆ ಸೋಸಿ. ಸ್ಟೀಲ್ ಲೋಟ ಬೇಡ, ಯಾಕೆಂದರೆ ಇನ್ನು ಮುಂದಿನದು ಕಣ್ಣಿಗೆ ಹಬ್ಬ. ಎಸಳು ಬಿಳಿಚಿಕೊಂಡಿರುತ್ತದೆ, ಆದರೆ ನೀರು ಕೆಂಪಾಗಿರುವುದಿಲ್ಲ, ಮಂಕು ನೇರಳೆಯಾಗಿರುತ್ತದೆ. ಇಷ್ಟೇನಾ ಎನಿಸುವ ಹೊತ್ತಿಗೆ ನಾಲ್ಕು ಹನಿ ನಿಂಬೆರಸ ಬಿಡಿ. ಹನಿ ಬಿದ್ದಲ್ಲಿಂದ ಕೆಂಪು ಎಳೆ ಎಳೆಯಾಗಿ ಕೆಳಗಿಳಿಯುತ್ತದೆ. ಚಮಚ ಆಡಿಸಿದರೆ ಲೋಟವಿಡೀ ಮಾಣಿಕ್ಯದ ಬಣ್ಣ. ಆಂಥೋಸಯನಿನ್ ಎಂಬ ವರ್ಣದ್ರವ್ಯದ ಗುಣ ಅದು: ಹುಳಿ ಹೆಚ್ಚಿದ್ದಲ್ಲಿ ಕೆಂಪು, ಕಡಿಮೆಯಾದಂತೆ ನೇರಳೆ, ನೀಲಿ. ಬೇಲಿಯ ಮೇಲಿನ ಶಂಖಪುಷ್ಪವೂ ಇದೇ ಜಾತಿಯ ಜಾದೂಗಾರ. ಅಚ್ಚ ನೀಲಿ ನೀರು ನಿಂಬೆ ಬಿದ್ದೊಡನೆ ನೇರಳೆಗೆ ತಿರುಗುತ್ತದೆ. ರುಚಿ ಮಾತ್ರ ದಾಸವಾಳದಷ್ಟಿಲ್ಲ, ಒಂದು ಚೂರು ಶುಂಠಿ ಬೇಕೇ ಬೇಕು.

ಅಂಗಡಿಯಲ್ಲಿ ‘ಹೈಬಿಸ್ಕಸ್ ಟೀ’ ಎಂದು ಮಾರುವುದು ಸಾಮಾನ್ಯವಾಗಿ ನಮ್ಮ ಅಂಗಳದ ದಾಸವಾಳವಲ್ಲ. ಅದು ರೋಸೆಲ್, ಉತ್ತರ ಕರ್ನಾಟಕದ ಪುಂಡಿಪಲ್ಯದ ಬಳಗದ ಗಿಡ. ಒಣಗಿಸುವುದು ಅದರ ಎಸಳನ್ನಲ್ಲ, ಹೂವಿನ ಬುಡದ ಕೆಂಪು ಪುಷ್ಪಪಾತ್ರೆಯನ್ನು. ಈಜಿಪ್ಟ್, ಸುಡಾನ್‌ಗಳಲ್ಲಿ ಕರ್ಕಡೆ ಎಂದು ಮನೆಮನೆಯಲ್ಲಿ ಕುಡಿಯುತ್ತಾರೆ. ಅದಕ್ಕೆ ತನ್ನದೇ ಹುಳಿಯಿದೆ, ನಿಂಬೆಯ ಹಂಗಿಲ್ಲ. ರಕ್ತದೊತ್ತಡದ ಬಗ್ಗೆ ಓದುವ ಸಂಶೋಧನೆಗಳು ಹೆಚ್ಚಾಗಿ ಈ ರೋಸೆಲ್‌ನ ಮೇಲೆ ನಡೆದವು. ಅವನ್ನು ತಂದು ನಮ್ಮ ದಾಸವಾಳಕ್ಕೆ ಅಂಟಿಸುವುದು ಸರಿಯಲ್ಲ. ಬಿ.ಪಿ. ಮಾತ್ರೆ ನುಂಗುವವರು ಡಾಕ್ಟರನ್ನು ಕೇಳಿಯೇ ಕುಡಿಯಲಿ. ಬಸುರಿಯರು ಎರಡರಿಂದಲೂ ದೂರವಿರುವುದು ಲೇಸು. ನಾನಂತೂ ಮದ್ದಿಗಾಗಿ ಕುಡಿಯುವವಳಲ್ಲ, ಬಣ್ಣಕ್ಕೆ, ರುಚಿಗೆ, ಆ ಹೊತ್ತಿನ ನೆಮ್ಮದಿಗೆ ಕುಡಿಯುವವಳು.

ಮಲ್ಲಿಗೆಯ ದಾರಿಯೇ ಬೇರೆ. ಅದನ್ನು ನೀರಿಗೆ ಹಾಕುವುದಕ್ಕಿಂತ ಚಹಾಪುಡಿಯ ಜೊತೆ ಮಲಗಿಸುವುದು ಚೆಂದ. ಚೀನಾದ ಫುಜೌ ಊರಿನವರು ಶತಮಾನಗಳಿಂದ ಮಾಡುತ್ತಿರುವುದು ಇದನ್ನೇ. ಮಲ್ಲಿಗೆ ಬಿರಿಯುವುದು ರಾತ್ರಿ. ಸಂಜೆಯ ಮೊಗ್ಗನ್ನು ಚಹಾ ಎಲೆಯ ಜೊತೆ ಪದರ ಪದರವಾಗಿ ಹಾಸಿಟ್ಟರೆ, ಬಿರಿಯುತ್ತಾ ಬಿಟ್ಟ ಪರಿಮಳವನ್ನೆಲ್ಲ ಎಲೆ ಹೀರಿಕೊಳ್ಳುತ್ತದೆ. ಬೆಳಿಗ್ಗೆ ಹೂ ಆರಿಸಿ ತೆಗೆದು, ತೇವ ಹಿಡಿದ ಎಲೆಯನ್ನು ಒಣಗಿಸಿ ಡಬ್ಬಿ ತುಂಬಿದರಾಯಿತು. ನಮ್ಮ ಉಡುಪಿಯ ಶಂಕರಪುರ ಮಲ್ಲಿಗೆಯೂ ಅಲ್ಲಿ ಬಳಸುವ ಪ್ರಭೇದದ್ದೇ. ಆದರೆ ಮಾರುಕಟ್ಟೆಯ ಮಾರು ಹೂ ತಂದು ಹೀಗೆ ಮಾಡಬೇಡಿ. ಮುಡಿಯಲು ಬೆಳೆದ ಹೂವಿಗೆ, ಹೂಗುಚ್ಛದ ಗುಲಾಬಿಗೆ ಎಷ್ಟು ಔಷಧಿ ಹೊಡೆದಿರುತ್ತಾರೋ ಕೊಂಡವರಿಗೆ ತಿಳಿಯುವುದಿಲ್ಲ. ಮನೆಯಲ್ಲಿ ಬೆಳೆದದ್ದಾದರೆ ಮಾತ್ರ ಕುಡಿಯಿರಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ದೇವರಿಗೆ ಏರುವ ಹೂವೆಲ್ಲ ಹೊಟ್ಟೆಗೆ ಇಳಿಯುವ ಹೂವಲ್ಲ. ಕಣಗಿಲೆ ಶಿವನಿಗೆ ಪ್ರಿಯವೇ ಇರಬಹುದು, ಅದರ ಹೂ, ಎಲೆ, ಬೇರು ಎಲ್ಲವೂ ವಿಷ, ಹೃದಯದ ಬಡಿತವನ್ನೇ ಕೆಡಿಸುತ್ತದೆ. ದತ್ತೂರಿಯೂ ಅಷ್ಟೇ. ಗುರುತು ಗಟ್ಟಿಯಿಲ್ಲದ ಹೂವಿಗೆ ಅಡುಗೆಮನೆಯಲ್ಲಿ ಜಾಗ ಕೊಡಬಾರದು.

ದಾಸವಾಳ ಹೆಚ್ಚಾದ ದಿನ ಎಸಳು ಬಿಡಿಸಿ, ತೆಳುಬಟ್ಟೆಯ ಮೇಲೆ ನೆರಳಿನಲ್ಲಿ ಹರಡಿ, ಮುರಿದರೆ ಚಟ್ ಎನ್ನುವವರೆಗೆ ಒಣಗಿಸಿ. ಬಿಸಿಲಿಗಿಟ್ಟರೆ ಬಣ್ಣ ಮಾಸುತ್ತದೆ. ಗಾಜಿನ ಭರಣಿಯಲ್ಲಿ ಕತ್ತಲೆಯ ಜಾಗದಲ್ಲಿಡಿ. ಗಿಡ ಇಲ್ಲದವರು ಪಕ್ಕದ ಮನೆಯವರನ್ನು ಗೇಣುದ್ದದ ಒಂದು ರೆಂಬೆ ಕೇಳಿ ತನ್ನಿ. ಮಳೆಗಾಲದಲ್ಲಿ ಕುಂಡಕ್ಕೆ ಊರಿದರೆ ದಾಸವಾಳ ಸುಲಭವಾಗಿ ಬೇರು ಹಿಡಿಯುತ್ತದೆ.